ಗುರವ್ವನ ತಪ್ಪಲ, ಯಲ್ಲವ್ವನ ಗದ್ದ

ಸುರೇಬಾನದಾಗ ಯಾರದರೆ ಕಣ್ಣು ಹಳದಿ ಆದ್ವು ಅಂದ್ರ ಮನಿ ಮಂದಿಗೆ ಮೊದಲ ನೆನಪಾಗೂದು ದವಾಖಾನಿ ಅಲ್ಲ, ಗುರವ್ವ. ಕಾಮಣಿ ಔಷಧದ ಗುರವ್ವ. ಐತವಾರ ಮುಂಜಾನೆ ಆಕಿ ಮನಿ ಕಟ್ಟಿ ಮ್ಯಾಲ ಕುಂಡ್ರಾಕ ಜಾಗಾ ಇರೂದಿಲ್ಲ. ಸಾಲಹಳ್ಳಿಯವ್ರು, ರಾಮದುರ್ಗದವ್ರು, ಸವದತ್ತಿ ಕಡೆಯವ್ರು, ಎಲ್ಲಾರೂ ಬರೇ ಹೊಟ್ಟಿಲೆ ಬಂದು, ಕೈಯಾಗೊಂದು ತೆಂಗಿನಕಾಯಿ ಹಿಡಕೊಂಡು, ಲಗ್ನದ ಊಟಕ್ಕ ಕುಂತವ್ರಂಗ ಸಾಲಾಗಿ ಕುಂತಿರತಾರ. ಗುರವ್ವ ರೊಕ್ಕ ಮುಟ್ಟಾಕಿ ಅಲ್ಲ. ಕಾಯಿ ತಗೋತಾಳ, ಒಂದು ಬಟ್ಟಲ ಹಸರ ರಸಾ ಕೊಡತಾಳ, ಮ್ಯಾಲ ಹೊಟ್ಟಿ ತುಂಬ ಬೈತಾಳ.

“ಏನಲೇ ಭಾಡ್ಯಾ, ಉಚ್ಚಿ ಅರಿಷಿಣದಂಗ ಹೊಂಟೈತಿ, ಈಗ ನೆನಪಾದ್ನ್ಯಾ ನಾ? ಇಷ್ಟ ದಿನಾ ಎಲ್ಲೆ ಕೋಳಿ ಕಾಲು ಜಗಿಯಾಕ ಹತ್ತಿದ್ದಿ? ಕೇಳಿಲ್ಲೆ. ಎಣ್ಣಿ ಮುಟ್ಟಬ್ಯಾಡ, ಖಾರ ಮುಟ್ಟಬ್ಯಾಡ, ಹೆಂಡ್ತೀನೂ ಮುಟ್ಟಬ್ಯಾಡ. ಜ್ವಾಳದ ಗಂಜಿ ಕುಡದು ಸುಮ್ನ ಬಿದ್ದಿರು.”

ಬೈಸಿಕೊಂಡಾಂವ ಕೈ ಮುಗದು ಖುಷಿಲೆ ಎದ್ದು ಹೋಗ್ತಾನ. ಬೈಗಳಾನೂ ಔಷಧದ ಒಂದು ಭಾಗ ಅಂತ ಮಂದಿ ಯಾವಾಗೋ ಒಪ್ಪಿಕೊಂಡು ಬಿಟ್ಟಾರ. ಗುರವ್ವ ಒಂದ್ಸಲ ಗಂಟಲು ಕಟ್ಟಿ ಬೈಲಿಲ್ಲಂತ, ಸಾಲಹಳ್ಳಿ ಮುದುಕ ಒಬ್ಬಾಂವ ಮುಂದಿನ ವಾರ ಮತ್ತ ಬಂದು “ಹ್ವಾದ ಸಲದ್ದು ನಾಟಿಲ್ಲವ್ವಾ” ಅಂತ ಕುಂತಿದ್ದ.

ಈ ಔಷಧಕ್ಕ ಕಟ್ಟಳಿ ಭಾಳ. ಅರದು ರಸಾ ಹಿಂಡೂ ಎಲಿ, ಆ ತಪ್ಪಲದ ಹೆಸರು ಬಾಯಿಂದ ಬೀಳಬಾರದು. ಬಿತ್ತಂದ್ರ ಅದರ ಗುಣಾನೂ ಅಲ್ಲೇ ಬಿತ್ತು. ಬೆಟ್ಟು ಮಾಡಿ ತೋರಿಸಬಾರದು, ಅದೂ ಹೇಳಿದಂಗನ. ಅತ್ತಿ ಸೊಸಿಗೆ ಔಷಧ ಒಪ್ಪಿಸೂ ಮುಂದ ಬರೇ ಗದ್ದ ಎತ್ತಿ ತೋರಿಸಬೇಕು. ಒಪ್ಪಿಸಿದ ಮ್ಯಾಲ ಆ ಕಡೆ ಹೊಳ್ಳಿ ನೋಡಬಾರದು, ಅರಿಯೂ ಕಲ್ಲು ಮುಟ್ಟಬಾರದು, ಬಟ್ಟಲದಾಗ ಹಣಿಕಿ ಹಾಕಬಾರದು. ಈ ಕಟ್ಟಳಿ ಮಾಡಿದ ಪುಣ್ಯಾತ್ಮ ಯಾರೋ ಏನೋ, ಅಂವನ ಗದ್ದ ಭಾಳ ಚೂಪ ಇದ್ದಿರಬೇಕು.

ಗುರವ್ವನ ಅತ್ತಿ ಯಲ್ಲವ್ವ ಹಂಗನ ಒಪ್ಪಿಸಿದ್ಳು. ಗುರವ್ವ ಸೊಸಿಯಾಗಿ ಬಂದ ಹೊಸತು. ಒಂದು ಮುಂಜಾನೆ ಕಾಲವಿ ದಂಡಿಗೆ ಕರಕೊಂಡು ಹೋಗಿ, ಹಸರ ತುಂಬಿದ ಜಾಗಾದ ಕಡೆ ಗದ್ದ ಎತ್ತಿದ್ಳು, ತಿರುಗಿ ನಿಂತ್ಳು. ಗುರವ್ವ ಗದ್ದ ಹೋದ ಕಡೆ ಹೋಗಿ ಕಿತ್ತಳು, ಸೆರಗಿನಾಗ ಮುಚ್ಚಿಕೊಂಡು ಮನಿಗೆ ಬಂದ್ಳು. ಅಷ್ಟ. ಕೇಳಂಗಿಲ್ಲ, ಹೇಳಂಗಿಲ್ಲ. ಅವತ್ತಿನಿಂದ ಯಲ್ಲವ್ವ ಅರಿಯೂ ಕಲ್ಲಿನ ಕಡೆ ಬೆನ್ನ ಮಾಡಿ ಕುಂತಾಕಿ, ಇವತ್ತಿಗೂ ಹಂಗ ಕುಂಡ್ರತಾಳ. ಹಳೇ ಮಂದಿ ಮಾತ್ರ ಆಗಾಗ ಅಂತಿದ್ರು, “ಯಲ್ಲವ್ವ ಕೊಡತಿದ್ದದ್ದು ಕರ್ರಗ ಇರ್ತಿತ್ತಲ್ಲ?” ಗುರವ್ವ ಬಾಯಿ ಮುಚ್ಚಸತಿದ್ಳು, “ಆಗಿನ ಮಡಕಿಗೆ ಮಸಿ ಹತ್ತಿರತಿತ್ತು, ಅದನ್ನೂ ಕುಡದು ಬದುಕೀರಿ, ಸುಮ್ನ ಕುಂಡ್ರರಿ.”

ಇಡೀ ಊರು ಗುರವ್ವನ್ನ ಏನು ಬೇಕಾದ್ರೂ ಕೇಳತೈತಿ, ಒಂದ ಒಂದು ಮಾತು ಬಿಟ್ಟು. ನಿನ್ನ ಗಂಡಗ ಯಾಕ ನಾಟಲಿಲ್ಲ? ಆಕಿ ಗಂಡ ಕಾಡಪ್ಪ ಕಾಮಣಿ ಆಗೇ ಸತ್ತಾಂವ. ಮಗಾ ನಿಂಗರಾಜ ಆಗಿನ್ನೂ ಅಂಬೆಗಾಲ ಇಡತಿದ್ದ. ಐತವಾರಕ್ಕೊಮ್ಮೆ ಗುರವ್ವ ತನ್ನ ಕೈಲೆ ಅರದು ಕುಡಿಸಿದ್ಳು, ಅಂವ ಕುಡದು ಕುಡದು ಹಳದಿ ಹಳದಿ ಆಗಿ ಹೋಗೇ ಬಿಟ್ಟ. “ಸೆರೆ ಕುಡಕೊಂಡು ಕುಡಕೊಂಡು ಕರುಳು ಸುಟ್ಟಕೊಂಡಿದ್ದ, ನನ್ನ ಔಷಧ ಏನು ಮಾಡೀತು” ಅಂತ ಕೇಳದ ಪ್ರಶ್ನಿಗೆ ಆಕೀನ ಉತ್ತರಾ ಹೇಳಿಕೋತ ಇರತಿದ್ಳು. ಔಷಧ ಖರೇ, ಗಂಡ ಸುಳ್ಳು. ಈ ಮಾತಿನ ಮ್ಯಾಲನ ಆಕಿ ಜೀವ ನಿಂತಿತ್ತು.

ಇಂಥಾ ಮನಿಗೆ ಸೊಸಿಯಾಗಿ ಬಂದಾಕಿ ಶೀತಲ. ಸಸ್ಯಶಾಸ್ತ್ರ ಓದಿದಾಕಿ, ರಾಮದುರ್ಗದ ಒಂದು ಕಾಲೇಜಿನಾಗ ಕಲಿಸತಾಳ, ದಿನಾ ಬಸ್ಸಿಗೆ ಹೋಗಿ ಬರತಾಳ. ಗುರವ್ವ ಆಕಿ ಬಂದ ದಿನದಿಂದ ಒಂದು ಗಳಿಗಿ ಕಾಯಾಕ ಹತ್ತಿದ್ಳು. ಸೊಸಿ ಬಂದು “ಅತ್ತೀ, ಆ ತಪ್ಪಲ ಯಾವುದ್ರಿ?” ಅಂತ ಕೇಳಬೇಕು, ತಾನು ಮೂಗು ಮುರದು “ನಿನಗ್ಯಾಕಬೇ ಈಗ?” ಅನ್ನಬೇಕು. ಸೊಸಿ ಕೇಳಲೇ ಇಲ್ಲ! ಮ್ಯಾಲ ಒಂದಿನ ರೊಟ್ಟಿ ಬಡಕೋತ, “ಅತ್ತೀ, ಕಾಮಣಿ ಭಾಳ ಮಂದಿಗೆ ಪಥ್ಯಾ ಇದ್ರ ತಾನಾ ಇಳಿತೈತ್ರಿ. ಇಳಿಲಾರದವ್ರನ್ನ ಮಾತ್ರ ಲಗೂನ ದವಾಖಾನಿಗೆ ಒಯ್ಯಬೇಕ್ರಿ” ಅಂದ್ಳು. ಗುರವ್ವಂದು ಎರಡು ದಿನಾ ಸೊಸಿ ಜೋಡಿ ಮಾತಿಲ್ಲ. ಮೂರನೇ ದಿನಾ ಬೈಯೂದು ಇತ್ತು, ಅದಕ್ಕ ಮಾತಾಡಿದ್ಳು.

ಅಂಥಾದ್ರಾಗ ಕಾಲೇಜಿನಾಗ ಈ ಸೀಮಿ ಗಿಡಗಂಟಿ ಎಲ್ಲಾ ಒಣಗಿಸಿ, ಹಾಳಿಗೆ ಹಚ್ಚಿ, ಹೆಸರು ಬರದು ಕಪಾಟಿನಾಗ ಇಡೂ ಕೆಲಸ ಶೀತಲನ ಕೊರಳಿಗೆ ಬಿತ್ತು. ಹರ್ಬೇರಿಯಂ ಅಂತ. ಮಳಿಗಾಲ ಮುಗದು ಎಲ್ಲಾ ಹೂ ಬಿಟ್ಟು ನಿಂತಿತ್ತು. ಆಕಿ ಕಾಲವಿ ದಂಡಿ, ಹೊಲದ ಬದುವು, ಮಸಾರಿ ದಿಬ್ಬ, ಎಲ್ಲಾ ಕಡೆ ಅಡ್ಡಾಡಿ ಬೇರು ಸಮೇತ ಕಿತ್ತು ತರಾಕ ಹತ್ತಿದ್ಳು. ಪಡಸಾಲಿ ತುಂಬ ಹಳೇ ಪೇಪರು. ಒಂದು ಪೇಪರು, ಒಂದು ಸಸಿ, ಮತ್ತೊಂದು ಪೇಪರು. ದಿನಾ ಹಸಿ ಪೇಪರು ತಗದು ಒಣಾ ಪೇಪರು ಹಾಕಬೇಕು, ಇಲ್ಲಂದ್ರ ಬೂಷ್ಟು ಹಿಡೀತೈತಿ.

ಬಾಜೂ ಮನಿ ಬಾಬಾಜಾನ, ಟಂಟಂ ಆಟೊ ಹೊಡಿಯಾಂವ, ಬಾಗಲದಾಗ ನಿಂತು ನೋಡಿ ಕೇಳಿದ, “ಇದೇನ್ರಿ ಮೇಡಂ, ಕಸಕ್ಕ ಇಸ್ತ್ರಿ ಮಾಡಾಕ ಹತ್ತೀರೇನು?”

“ಇಸ್ತ್ರಿ ಅಲ್ಲೋ, ಹೆಣಾ ಹೂಳಾಕ ಹತ್ಯಾಳ” ಅಂದ್ಳು ಗುರವ್ವ. “ಹಕ್ಕರಕಿ ಯಾರರೆ ಪೇಪರಿನಾಗ ಇಡತಾರೇನು? ರೊಟ್ಟ್ಯಾಗ ಇಡತಾರ.” ಅಂದು, ಶೀತಲ ತಂದಿಟ್ಟ ಹಕ್ಕರಕಿ ಅರ್ಧ ಸಿವುಡು ಉಪ್ಪು ಹಚ್ಚಿಕೊಂಡು ತಿಂದ ಬಿಟ್ಳು. ಶೀತಲ ಮತ್ತ ಹೊಲಕ್ಕ ಹೋಗಬೇಕಾತು.

ಒತ್ತಿಡಾಕ ಭಾರ ಬೇಕಲ್ಲ. ಮ್ಯಾಲ ಹಲಗಿ ಇಟ್ಟು ಬೀಸೂಕಲ್ಲು ಇಟ್ಟರು, ಸಾಲಲಿಲ್ಲ. ಜ್ವಾಳದ ಚೀಲಾ ಹೇರಿದ್ರು, ಅದು ವಾಲಿ ಬಿತ್ತು. ಕಡೀಕ ಶೀತಲ ಭಾಳ ನಾಜೂಕಿಲೆ, “ಅತ್ತೀ, ನೀವು ಸ್ವಲ್ಪೊತ್ತು ಇದರ ಮ್ಯಾಲ ಕುಂಡ್ರತೀರೇನ್ರಿ?” ಅಂದ್ಳು. ಬ್ಯಾರೆ ಅತ್ತಿ ಇದ್ದಿದ್ರ ಪಂಚಾಯ್ತಿ ಕೂಡಸತಿದ್ಳು. ಗುರವ್ವ ಒಂದು ಕ್ಷಣ ಸೊಸಿ ಮಾರಿ ನೋಡಿದ್ಳು, ಚ್ಯಾಷ್ಟಿ ಐತೇನು ಅಂತ. ಚ್ಯಾಷ್ಟಿ ಕಾಣಲಿಲ್ಲ. ಈ ಮನ್ಯಾಗ ತನ್ನಷ್ಟು ತೂಕದವ್ರು ಯಾರೂ ಇಲ್ಲ ಅಂತ ಸೊಸಿ ಒಪ್ಪಿದಂಗಾತಲ್ಲ ಅಂತ ಖುಷಿನೂ ಆತು. ದಿನಾ ಊಟಾದ ಮ್ಯಾಲ ಹಲಗಿ ಮ್ಯಾಲ ಕುಂತು ಬಳ್ಳೊಳ್ಳಿ ಸುಲಿಯೂದು, ಸೊಪ್ಪು ಸೋಸೂದು, ಅಲ್ಲೇ ಕುಂತು ಹಾದಿ ಮ್ಯಾಲ ಹೋಗವ್ರನ್ನ ಬೈಯೂದು. ತನ್ನ ಕೆಳಗ ಏನು ಒಣಗಾಕ ಹತ್ತೈತಿ ಅಂತ ಆಕಿಗೇನು ಗೊತ್ತು.

ಒಂದು ಸೂಟಿ ದಿನಾ ಶೀತಲ ಒಣಗಿದ್ದನ್ನೆಲ್ಲಾ ದಪ್ಪ ಬಿಳಿ ಹಾಳಿಗೆ ಹಚ್ಚಿ ಪಡಸಾಲ್ಯಾಗ ಹರವಿದ್ಳು. ಕೆಳಗ ಚೀಟಿ: ಹೆಸರು, ಸಿಕ್ಕ ಜಾಗಾ, ಕುಟುಂಬ.

“ಕುಟುಂಬ ಅಂದ್ರ?” ಗುರವ್ವ ಬಗ್ಗಿ ನೋಡಿದ್ಳು.

“ಮನಿತನಾ ಇದ್ದಂಗ್ರಿ ಅತ್ತೀ. ಇಲ್ಲೆ ಸಾಲಾಗಿ ಇಟ್ಟಿದ್ದೆಲ್ಲಾ ಸ್ಯಾವಂತಿಗಿ ಮನಿತನದವು. ಹಕ್ಕರಕಿ, ಗರಗ, ಈ ಗಬ್ಬು ಸ್ಯಾವಂತಿ, ಎಲ್ಲಾ ಒಂದ ಮನಿಯವು.”

“ಒಂದ ಮನಿಯವು ಅಂದ್ರ ಒಂದಕ್ಕೊಂದು ಮಾತು ಬಿಟ್ಟಿರಬೇಕು” ಅಂದ್ಳು ಗುರವ್ವ. ನಕ್ಕಳು ಖರೆ, ಕಣ್ಣು ಮಾತ್ರ ಒಂದು ಹಾಳಿ ಮ್ಯಾಲ ನಟ್ಟು ಬಿಟ್ವು. ಯಾಕಂದ್ರ ಆಕಿ ಗುಟ್ಟು ಅಲ್ಲೇ ಬಿಳಿ ಹಾಳಿ ಮ್ಯಾಲ ಕೈಕಾಲು ಚಾಚಿ ಬಿದ್ದಿತ್ತು. ಗಬ್ಬು ಸ್ಯಾವಂತಿ. ಹುಡುಗ್ರು ಬಿದ್ದು ಮೊಣಕಾಲು ಕೆತ್ತಿಸಿಕೊಂಡಾಗ ತಿಕ್ಕಿ ಹಚ್ಚಿಕೊಳ್ಳೂ ತಪ್ಪಲ, ಹಳದಿ ನಡುವಿನ ಸಣ್ಣ ಹೂವು. ಸೊಸಿ ಅದರ ಹೆಸರನ್ನ ಎಷ್ಟು ಸಲೀಸ ಅಂದು ಬಿಟ್ಳು! ಆಕಿಗೆ ಗೊತ್ತಿಲ್ಲದ ಅಂದದ್ದು, ಅದಕ್ಕ ದೋಷ ಇಲ್ಲ ಅಂತ ಗುರವ್ವ ತನ್ನಷ್ಟಕ್ಕ ತಾನ ತೀರ್ಪು ಕೊಟ್ಟಕೊಂಡ್ಳು.

ಮೂಲ್ಯಾಗ ಹೊರಸಿನ ಮ್ಯಾಲ ಯಲ್ಲವ್ವ ಕುಂತಿದ್ಳು. ಹ್ವಾದ ವರ್ಷ ಕಣ್ಣಿನ ಪರದೆ ತಗಿಸಿಕೊಂಡಾಗಿಂದ ಮುದುಕಿಗೆ ಎಲ್ಲಾ ನೋಡೂ ಚಟಾ. “ನನಗೂ ತೋರಸರೆ” ಅಂದ್ಳು. ಶೀತಲ ಒಂದೊಂದ ಹಾಳಿ ಹಿಡಕೊಂಡು ಮುಂದ ಕುಂತ್ಳು. ಹಕ್ಕರಕಿ ಬಂತು, ಯಲ್ಲವ್ವ ಬಾಯಿ ಚಪ್ಪರಿಸಿದ್ಳು. ಗಬ್ಬು ಸ್ಯಾವಂತಿ ಬಂತು. ಗುರವ್ವ ಅತ್ತಿ ಮಾರಿ ನೋಡಿದ್ಳು. ಯಲ್ಲವ್ವ ಆಕಳಿಸಿದ್ಳು. ಆಮ್ಯಾಲ ಗರಗದ ಹಾಳಿ ಬಂತು, ಎಲಿ ಎಲ್ಲಾ ಒಣಗಿ ಕರ್ರಗಾಗಿದ್ವು.

ಮುದುಕಿ ಗುರವ್ವನ ಕಡೆ ನೋಡಿದ್ಳು, ಗುಟ್ಟಿನಾಗ ನಕ್ಕಳು, ಗದ್ದ ಎತ್ತಿದ್ಳು.

ಕಾಲವಿ ದಂಡ್ಯಾಗ ಗದ್ದ ಎತ್ತಿದ್ರ ಅದರ ಎದುರಿಗೆ ಹತ್ತು ಥರದ ಸಸಿ ಇರತಾವ. ಹಾಳಿ ಮ್ಯಾಲ ಇರೂದು ಒಂದ. ಗುರವ್ವ ಎದ್ದು ಯಲ್ಲವ್ವನ ಹೊರಸಿನ ಹತ್ರ ಬಂದ್ಳು.

“ಅತ್ತೀ, ಯಾವುದಕ್ಕ ಗದ್ದ ಎತ್ತಿದ್ರಿ?”

“ಯಾವುದಕ್ಕಂದ್ರ? ಇದಕ್ಕ. ನಿನಗ ಗೊತ್ತಿಲ್ಲೇನು?”

“ಇದಲ್ರೀ! ಆ ಬಾಜೂದು!”

“ಅದ್ಯಾಕ ಆದೀತು? ಅದು ಗಾಯಕ್ಕ ಹಚ್ಚೂದು. ಅದನ್ನ ಯಾರರೆ ಕುಡಿಸತಾರೇನು?” ಅಂದ ಮುದುಕಿಗೆ ಸೊಸಿ ಮಾರಿ ನೋಡಿ ತಿಳೀತು. “ಅಯ್ಯ ನನ್ನವ್ವಾ. ಕುಡಿಸಿಯೇನು?”

ಗುರವ್ವನ ಸಿಟ್ಟಿನಾಗ ಮರ್ಯಾದಿ ಹಾರಿ ಹೋತು. “ನಿನ್ನ ಗದ್ದಕ್ಕ ಬೆಂಕಿ ಹತ್ತಲಿ! ಸರಿಯಾಗಿ ಎತ್ತಾಕ ಏನಾಗಿತ್ತು ನಿನಗ? ಎತ್ತಿದಾಕಿ ಒಂದ್ಸಲ ಹೊಳ್ಳಿ ನೋಡಾಕರೆ ಏನಾಗಿತ್ತು?”

“ಹೊಳ್ಳಿ ನೋಡಬಾರದಲ್ಲಬೇ! ನಿನಗರೆ ಗದ್ದ ಸಿಕ್ಕತು. ನಮ್ಮತ್ತಿಗೆ ಗದ್ದದ ಮ್ಯಾಲ ಹುಣ್ಣ ಆಗಿತ್ತಂತ ಕಣ್ಣಿಲೇ ತೋರಿಸಿದ್ಳು. ಆಕಿಗೆ ಮೆಳ್ಳಗಣ್ಣು. ಒಂದು ಕಣ್ಣು ಇದರ ಮ್ಯಾಲ ಇತ್ತು, ಇನ್ನೊಂದು ಎಮ್ಮಿ ಮ್ಯಾಲ. ಎಮ್ಮಿ ಅರಿಯಾಕ ಬರೂದಿಲ್ಲಂತ ನಾ ಇದನ್ನ ಹಿಡದ್ನಿ.”

ಶೀತಲಗ ನಗಿ ತಡಿಲಿಲ್ಲ, ಸೀರಿ ಸೆರಗು ಬಾಯಿಗೆ ಇಟ್ಟಕೊಂಡ್ಳು. ಅತ್ತಿ ಮಾರಿ ನೋಡಿ ನಗಿ ಅಲ್ಲೇ ನಿಂತು ಹೋತು. ಗುರವ್ವ ಹಾಳಿ ದಾಟಿ ಹಿತ್ತಲಕ್ಕ ಹೋದ್ಳು.

ಅವತ್ತು ಆ ಮನ್ಯಾಗ ಬೈಗಳಾನ ಕೇಳಲಿಲ್ಲ. ಹಾಲು ಉಕ್ಕಿದ್ರೂ ಬೈಲಿಲ್ಲ. ನಿಂಗರಾಜ ಎಣ್ಣಿ ಕಾಲಿಲೆ ಸಾರಿಸಿದ ನೆಲದ ಮ್ಯಾಲ ಅಡ್ಡಾಡಿದ್ರೂ ಬೈಲಿಲ್ಲ. ಅಂವ ಹೆದರಿ, ಅವ್ವಗ ಆರಾಮಿಲ್ಲೇನು ಅಂತ ಹೆಂಡ್ತೀನ ಕೇಳಿದ. ಗುರವ್ವ ಹಿತ್ತಲದಾಗ ಬಟ್ಟಿ ಒಗಿಯೂ ಕಲ್ಲಿನ ಮ್ಯಾಲ ಕುಂತಿದ್ಳು. ಆರಾಮ ಆದವ್ರ ನೆನಪು ಆಕಿಗೆ ಒಬ್ರದೂ ಬರಲಿಲ್ಲ. ಬಂದದ್ದು ಕಾಡಪ್ಪನ ಹಳದಿ ಕಣ್ಣು. ಬಟ್ಟಲ ಹಿಡದಾಗ ಅಂವ ಸಣ್ಣ ಹುಡುಗನಂಗ ಬಾಯಿ ತಗೀತಿದ್ದ, “ನಿನ್ನ ಕೈಯಾಂದು ಅಂದ್ರ ಕುಡಿತೇನಿ” ಅಂತಿದ್ದ. ತನ್ನ ಕೈಲೆ ಮೊಣಕಾಲಿಗೆ ಹಚ್ಚೂ ತಪ್ಪಲ ಕುಡಿಸಿ ಗಂಡನ್ನ ಕಳಕೊಂಡ್ನ್ಯಾ ಅಂತ ಆಕಿಗೆ ದುಃಖ ಒತ್ತರಿಸಿ ಬಂತು. ಗರಗ ಕೊಟ್ಟಿದ್ರ ಇರತಿದ್ನೋ ಏನೋ. ಇಷ್ಟ ವರ್ಷ ಸತ್ತಾಂವನ್ನ ಬೈಕೋತ ಬಂದ್ನಲ್ಲ ಅಂತ ಕಣ್ಣೀರ ಸುರಿಸಿ ಅತ್ತಳು.

ಹೊತ್ತು ಇಳಿಯೂ ಮುಂದ ಯಲ್ಲವ್ವ ಕೋಲು ಊರಿಕೋತ ಬಂದು ಬಾಜೂಕ ಕುಂತ್ಳು.

“ಗುರವ್ವಾ, ಒಂದು ಹೇಳತೇನಿ, ನನ್ನ ಕೊಲ್ಲಬ್ಯಾಡ. ಅಂವಗ ನಿಂದು ನಾಟವಲ್ದು ಅಂತ, ನಿನ್ನ ಕೈಗುಣಾನ ಸರಿ ಇಲ್ಲಂತ ತಿಳಕೊಂಡಿದ್ನಿ. ನೀ ಹೊಲಕ್ಕ ಹೋದಾಗ ನಾನ ಕದ್ದು ಅರದು ಕುಡಿಸಿದ್ನಿ. ನಂದು. ಕರ್ರಂದು. ಕಟ್ಟಳಿ ಮುರದ್ನಿ. ಹೆತ್ತ ಹೊಟ್ಟಿ ಕೇಳಲಿಲ್ಲ.”

ಗುರವ್ವ ಕಣ್ಣು ಒರಸೂದು ಬಿಟ್ಟು ಅತ್ತಿ ಮಾರಿ ನೋಡಿದ್ಳು. “ಹಂಗಾರ ಅಂವ ಎರಡೂ ಕುಡದಾನ?”

“ಎರಡೂ ಕುಡದಾನ.”

“ನಿಂದೂ ನಾಟಲಿಲ್ಲ?”

“ನಂದೂ ನಾಟಲಿಲ್ಲಬೇ. ಕಟ್ಟಳಿ ಮುರದದ್ದಕ್ಕ ಹೋದ ಅಂತ ನಾ ಇಷ್ಟ ದಿನಾ ಒಳಗೊಳಗ ಸಾಯಾಕ ಹತ್ತೇನಿ.”

ಗುರವ್ವಗ ಮೊದಲ ಸಿಟ್ಟು ಬಂತು. ನನ್ನ ಕೈಗುಣಾ ಸರಿ ಇಲ್ಲಂತ ಅಂದ್ಯಾ ಮುದುಕಿ ಅಂತ ಚಂದಗೆ ಬೈದ್ಳು. ಬೈಯೂದು ಕೇಳಿ ಒಳಗ ನಿಂಗರಾಜ, ಶೀತಲ ಇಬ್ರೂ ಉಸರು ಬಿಟ್ಟರು. ಆಮ್ಯಾಲ ಆಕಿ ಅತ್ತಿ ಕೈ ಹಿಡಕೊಂಡ್ಳು. ಒಂದ ಹಿತ್ತಲದಾಗ ಇಬ್ರೂ ಒಬ್ಬಾಂವನ ಸಲುವಾಗಿ ಬ್ಯಾರೆ ಬ್ಯಾರೆ ಅತ್ತಿದ್ರು ಇಷ್ಟ ವರ್ಷ. ಅವತ್ತು ಕೂಡಿ ಅತ್ತರು.

ಐತವಾರ ಬಂತು. ಕಟ್ಟಿ ತುಂಬಿತ್ತು. ಗುರವ್ವ ಬಟ್ಟಲ ಹಿಡಕೊಂಡು ಬರಲಿಲ್ಲ, ಎರಡು ಕೈಯಾಗ ಎರಡು ಬಿಳಿ ಹಾಳಿ ಹಿಡಕೊಂಡು ಬಂದ್ಳು. ಹಿಂದ ಶೀತಲ, “ಅತ್ತೀ, ಹಾಳಿ ಮಡಚಬ್ಯಾಡ್ರಿ, ಕಾಲೇಜಿಂದು!” ಅಂತ ಓಡಿ ಬಂದ್ಳು.

“ಎಲ್ಲಾರೂ ಕೇಳ್ರಿಲ್ಲೆ” ಅಂದ್ಳು ಗುರವ್ವ, ಕಟ್ಟಿ ಮ್ಯಾಲ ನಿಂತು. “ಇದು ಗಬ್ಬು ಸ್ಯಾವಂತಿ. ಇಷ್ಟ ವರ್ಷ ನಾ ನಿಮಗ ಕುಡಿಸಿದ್ದು ಇದು. ಇದು ಗರಗ. ನಮ್ಮತ್ತಿ ನಿಮ್ಮಪ್ಪಂದಿರಿಗೆ ಕುಡಿಸಿದ್ದು ಇದು. ಹೆಸರು ಹೇಳೇನಿ. ಗುಣಾ ಹೋತು. ಆರಾಮ ಆದವ್ರು ಗಂಜಿ ಕುಡದು ಆರಾಮ ಆಗೀರಿ. ಏಳ್ರಿ ಇನ್ನ.”

ಒಬ್ರರೆ ಏಳಬೇಕಲ್ಲ! ಒಬ್ಬರ ಮಾರಿ ಒಬ್ರು ನೋಡಿದ್ರು. ಸಾಲಹಳ್ಳಿ ಮುದುಕ ಗಂಟಲು ಸರಿ ಮಾಡಿಕೊಂಡು, “ಇರಲಿ ಬಿಡಬೇ ತಂಗಿ, ನಾವೇನು ಕೇಳಿಸಿಕೊಂಡಿಲ್ಲ. ಕೊಡು” ಅಂದ. ಹಿಂದಿಂದ ಇನ್ನೊಬ್ಬಾಕಿ, “ಎರಡೂ ಕೂಡಿಸಿ ಅರದ್ರ ಇನ್ನೂ ಜೋರ ಇರಬೇಕಲ್ಲಕ್ಕಾ?” ಅಂದ್ಳು. ಗುರವ್ವ ಒಳಗ ಹೋಗಿ ಅರಿಯೂ ಕಲ್ಲು ಎತ್ತಿ ತಂದು ಅಂಗಳದಾಗ ಡಬ್ಬ ಹಾಕಿದ್ಳು. ಅಷ್ಟಾದ ಮ್ಯಾಲ ಮಂದಿ ಗೊಣಗಿಕೋತ, ತಂದ ಕಾಯಿ ವಾಪಸ್ ಹಿಡಕೊಂಡು ಎದ್ದರು.

ಏಳಲಾರದಾಂವ ಒಬ್ಬನ ಉಳಿದ. ಗೌತಮ ಅಂತ, ಚಚಡಿ ಕಡೆಯಿಂದ ಬಂದ ಹರೇದ ಹುಡುಗ. ಕಾಲು ಬಾತಿದ್ವು, ಹೊಟ್ಟಿ ಉಬ್ಬಿತ್ತು, ಕಣ್ಣು ಅರಿಷಿಣ. ಹೆಂಡ್ತಿ ಶಿವಾನಿ ಅಂವನ್ನ ಹೆಗಲಿಗೆ ಆನಿಸಿಕೊಂಡು ಕುಂತಿದ್ಳು. “ಭಾಳ ದೂರದಿಂದ ಬಂದೇವ್ರಿ ಅಕ್ಕಾರ, ನಿಮ್ಮ ಮ್ಯಾಲ ನಂಬಿಗಿ ಇಟ್ಟು” ಅಂತ ಅಳಾಕ ಹತ್ತಿದ್ಳು.

“ನಂಬಿಗಿ ಒಲ್ಯಾಗ ಹಾಕು” ಅಂದ್ಳು ಗುರವ್ವ. “ಬಾಬಾಜಾನ, ಟಂಟಂ ಹೊರಗ ತಗಿಯೋ! ಶೀತಲಾ, ರಾಮದುರ್ಗದ ದವಾಖಾನಿಗೆ ಫೋನ್ ಹಚ್ಚು. ಅತ್ತೀ, ಒಲಿ ಮ್ಯಾಲ ಬ್ಯಾಳಿ ಐತಿ, ನೋಡಿಕೋರಿ.” ಚಪ್ಪಲಿ ಮೆಟ್ಟಿಕೊಂಡು ತಾನೂ ಹತ್ತಿ ಕುಂತ್ಳು.

ಟಂಟಂ ಕುಲುಕಿಕೋತ ಹೊಂಟಿತು. ಗೌತಮ ಹೆಂಡ್ತಿ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ದ. ಶಿವಾನಿ ಅಂವನ ಹಣಿ ಸವರಿಕೋತ, ಹೆದರಿಕೋತ, ಸುರೇಬಾನದವ್ರು ಯಾರೂ ಕೇಳದ ಮಾತು ಕೇಳೇ ಬಿಟ್ಳು. ಪರಊರಾಕಿ, ಆಕಿಗೇನು ಗೊತ್ತು.

“ಅಕ್ಕಾರ, ನಿಮ್ಮ ಮನ್ಯಾಗ ಯಾರಿಗರೆ ಇದು ಆಗಿತ್ತೇನ್ರಿ?”

ಮುಂದ ಕುಂತ ಬಾಬಾಜಾನ ಕನ್ನಡಿಯಾಗ ಗುರವ್ವನ ಮಾರಿ ನೋಡಿ, ಕೂಡ್ಲೆ ಕಣ್ಣು ಹಾದಿ ಮ್ಯಾಲ ಇಟ್ಟ.

“ನನ್ನ ಗಂಡಗ ಆಗಿತ್ತು” ಅಂದ್ಳು ಗುರವ್ವ.

“ಯಾವುದು ನಾಟಿತ್ರಿ ಅವ್ರಿಗೆ?”

“ಯಾವುದೂ ನಾಟಲಿಲ್ಲವ್ವಾ. ನಾನೂ ಕುಡಿಸಿದ್ನಿ, ನಮ್ಮತ್ತೀನೂ ಕುಡಿಸಿದ್ಳು. ಈ ಬಾಬಾಜಾನನ ಅಪ್ಪ ಬಾಗಲಿಗೆ ಗಾಡಿ ತಂದು ನಿಲ್ಲಿಸಿದ್ದ, ದವಾಖಾನಿಗೆ ಒಯ್ಯೂಣು ಬಾ ಅಂತ. ಔಷಧ ಕೊಡೂ ಮನಿಯವ್ರ ದವಾಖಾನಿಗೆ ಹೋದ್ರ ಮಂದಿ ಏನಂದಾರು ಅಂತ ನಾನ ಆ ಗಾಡಿ ಹೊಳ್ಳಿಸಿ ಕಳಿಸಿದ್ನಿ.”